ಕುರ್ಚಿ ಇಡೋಕೆ ದೊಡ್ಡಕ್ಕನ ಕೋಣೆ

ಸಭಾಪಾಲಕರಿಗೆ, ಹಿರಿಯರಿಗೆ, ತೀರಿಹೋದ ದೊಡ್ಡಕ್ಕನ, ಮುಂದಿನ ಬೆಂಚಿನಲ್ಲಿ ಕೂತಿರುವ ಮಗಳಿಗೆ, ಮೊಮ್ಮಕ್ಕಳಿಗೆ, ಗುಡ್ಡ ಇಳಿದು ಬಂದಿರೋ ನನ್ನ ಅಕ್ಕತಂಗಿಯರಿಗೆ — ನಮಸ್ಕಾರ.

ಇಲ್ಲಿವರೆಗೆ ಮಾತಾಡಿದ ಗಂಡಸರೆಲ್ಲ ಒಂದೇ ಮಾತು ಹೇಳಿದರು. ದೊಡ್ಡಕ್ಕ ಪಾದ್ರಿಗಳಿಗೆ "ಸಹಾಯ" ಮಾಡಿದರಂತೆ. ಸಹಾಯ — ಕೇಳಿಸಿಕೊಂಡಿರಾ? ನಾನು ಅವಳ ಜೊತೆ ಗುಡ್ಡದ ಊರುಗಳಲ್ಲಿ ಸುವಾರ್ತೆ ಸಾರಿದವಳು. ಅವಳು ಅಂತೀನಿ, ಬೇಜಾರು ಮಾಡ್ಕೋಬೇಡಿ. ನನಗವಳು ಅಕ್ಕ.

ಹೊರದೇಶದ ಪಾದ್ರಿಯನ್ನ ಕಂಡರೆ ನಮ್ಮ ಹೆಂಗಸರು ಬಾಗಿಲು ಹಾಕ್ಕೊಳ್ತಿದ್ದರು. ಅಕ್ಕ ಹಿತ್ತಲ ಕಡೆಯಿಂದ ಒಳಗೆ ಹೋಗ್ತಿದ್ದಳು. ಮೊದಲು ಕೂಸಿನ ಹಣೆ ಮುಟ್ಟಿ ನೋಡೋದು. ಆಮೇಲೆ ಬಾಣಂತಿಗೆ ನೀರು ಕಾಯಿಸೋದು. ಅದಾಗಿ — ಎಷ್ಟೋ ಹೊತ್ತಾಗಿ — ದೇವರ ಮಾತು.

ಜ್ವರಕ್ಕೆ ಮಕ್ಕಳು ಸತ್ತ ವರ್ಷ ಒಂದು ಊರಿಗೆ ಹೋದೆವು. ಪಾದ್ರಿ ಅಂಗಳದಲ್ಲಿ ನಿಂತು, ಹೀಗೆ — ಹೀಗೆ ಕೈ ಎತ್ತಿ — ದೀಕ್ಷಾಸ್ನಾನ ಇಲ್ಲದವರಿಗೆ ನರಕದ ಬೆಂಕಿಯೇ ಗತಿ ಅಂತ ಕೂಗಾಡಿದರು. ಅದನ್ನ ನಮ್ಮ ಭಾಷೆಗೆ ತಿರುಗಿಸೋ ಕೆಲಸ ಅಕ್ಕನದು. ಅಕ್ಕ ಹೇಳಿದ್ದು ಇಷ್ಟು: "ಇವರು ದೂರದಿಂದ ಬಂದವರು, ಸ್ವಲ್ಪ ಜೋರಾಗಿ ಮಾತಾಡ್ತಾರೆ, ಹೆದರಬೇಡಿ. ನಿಮ್ಮ ಕೂಸುಗಳು ಬೆಂಕಿಯಲ್ಲಿ ಇಲ್ಲ ಕಣ್ರವ್ವಾ. ದೇವರ ಮಡಿಲಲ್ಲಿವೆ."

ತಾಯಂದಿರು ಗೊಳೋ ಅಂತ ಅತ್ತರು. ಊರಿಗೆ ಊರೇ ಸಭೆಗೆ ಸೇರಿತು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದುಕೊಂಡ ಮುದುಕಿ ಹಾಗೆ, ಪಾದ್ರಿ ಅದು ತನ್ನ ನರಕದ ಮಹಿಮೆ ಅಂದುಕೊಂಡರು. ಗೋಡೆ ಮೇಲೆ ಯಾರ ಫೋಟೋ ಇದೆ? ತಲೆ ಎತ್ತಿ ನೋಡಿ — ಆ ಪಾದ್ರಿಯದು.

"ಪಾದ್ರಿಗೆ ನಿಜ ಹೇಳಬಾರದೇನಕ್ಕಾ?" ಅಂತ ಕೇಳಿದೆ. "ಹೇಳಿದರೆ ನಾಳೆಯಿಂದ ನನ್ನ ಕರ್ಕೊಂಡು ಬರಲ್ಲ ಕಣೇ. ಈ ಮನೆಗಳ ಒಳಗೆ ಮತ್ಯಾರು ಹೋಗ್ತಾರೆ?" ಅಂದಳು. ನಕ್ಕಳು, ನುಂಗಿಕೊಂಡಳು.

ನಾನು ನುಂಗಲ್ಲ.

ಅಕ್ಕನನ್ನ ಮಣ್ಣು ಮಾಡಿ ಇನ್ನೂ ವಾರ ಕಳೆದಿಲ್ಲ. ಅಷ್ಟರಲ್ಲಿ ಹಿರಿಯರ ಕಮಿಟಿ ಅವಳ ಕೋಣೆ ಖಾಲಿ ಮಾಡಿ ಅಂದಿದೆ. ದೇವಾಲಯದ ಹಿಂದಿನ ಆ ಒಂದೇ ಕೋಣೆ. ಆಸ್ಪತ್ರೆಗೆ ಗುಡ್ಡ ಇಳಿದು ಬರೋ ಬಸುರಿಯರು ದಿನ ತುಂಬೋವರೆಗೆ ಇರೋದು ಅಲ್ಲಿ. ಅವರನ್ನ ಈಗ ನೋಡಿಕೊಳ್ತಿರೋದು ಅಕ್ಕನ ಮಗಳು. ಈ ಹೊತ್ತಲ್ಲೂ ಇಬ್ಬರು ಅಲ್ಲಿ ಮಲಗಿದ್ದಾರೆ. ಕಮಿಟಿಗೆ ಕೋಣೆ ಯಾಕೆ ಬೇಕು? ಕುರ್ಚಿ ಇಡೋಕೆ. ಪ್ಲಾಸ್ಟಿಕ್ ಕುರ್ಚಿ. ಬಸುರಿಯರು ಎಲ್ಲಿಗೆ ಹೋಗಬೇಕು ಸ್ವಾಮಿ ಅಂದರೆ ಖಜಾಂಚಿಗಳು "ನೋಡೋಣ" ಅಂದರು. ಆಡಿದ್ದು ಅಷ್ಟೇ. ಸತ್ತವಳಿಗೆ ಹಾರ, ಬದುಕಿರೋ ಮಗಳಿಗೆ ಬೀಗ — ಇದು ನಿಮ್ಮ ಗೌರವ.

ಸರಿ, ಈಗ ಅಕ್ಕನಿಗಾಗಿ ಒಂದು ನಿಮಿಷದ ಮೌನ ಪ್ರಾರ್ಥನೆ. ಆ ಕೋಣೆ ಮಗಳ ಕೈಯಲ್ಲೇ ಇರಲಿ, ಬಂದ ಹೆಂಗಸರಿಗೆ ಬಾಗಿಲು ತೆರೆದಿರಲಿ ಅನ್ನೋರು ಎದ್ದು ನಿಲ್ಲಿ. ಖಾಲಿ ಮಾಡಿಸಲೇಬೇಕು ಅನ್ನೋರು ದಯವಿಟ್ಟು ಕೂತೇ ಇರಿ.

ಒಂದು ನಿಮಿಷ — ನಾವು ಯಾರೂ ಕಣ್ಣು ಮುಚ್ಚೋದಿಲ್ಲ.