ವಿಭೂತಿ ಮೇಲೆ ಬಂದ ಕಪ್ಪು ಗೀಟು

ಅಲ್ಲ ಅಮ್ಮಣ್ಣಿ, ಇಮಾನದ ಕಿಟಕಿ ಮೂಲೆ ದುಂಡಗಿರೋದು ಅಂದಕ್ಕೆ ಅಂತ ನಿಮ್ಮಪ್ಪ ಏಳಿದ್ನಾ? ಅಂದಕ್ಕಂತೆ, ಅಂದಕ್ಕೆ! ಅವನಿಗೇನ್ ಗೊತ್ತು ಮಣ್ಣು. ಅದು ದುಂಡಗಾಗೋಕ್ ಮುಂಚೆ ಎಷ್ಟು ಜನ ಸತ್ತೋದ್ರು ಗೊತ್ತಾ? ಇಲ್ಲಿ ನನ್ ಕೈಯಿಂದ್ಲೂ ಒಂದು ಜೀವ ಓಗ್ತಿತ್ತು. ಬಾ, ತಾತನ ತಾವ ಕೂತ್ಕೋ. ಲೇ ಮಂಜ, ನೀನೂ ಆ ಫೋನ್ ಪಕ್ಕಕ್ಕೆ ಮಡಗ್ಲಾ.

ನಂಗಾಗ ಇಪ್ಪತ್ತು... ಇಲ್ಲಿಲ್ಲ, ಇಪ್ಪತ್ತೊಂದು. ಬೂದಿಕೋಟೆಯಿಂದ ಚಿನ್ನದ ಗಣಿ ತಾವ ಊರಿಗಾಂನಾಗೆ ನಮ್ಮಕ್ಕನ ಮನೆಗೆ ಬಂದಿದ್ದೆ. ಲೈನ್ ಮನೆ, ಒಂದೇ ರೂಮು, ಅದ್ರಲ್ಲೇ ಅಕ್ಕ, ಬಾವ, ನಾನು. ಅಕ್ಕ ಏಳ್ ತಿಂಗ್ಳ ಬಸುರಿ. ರಾಗಿ ಸಾಲ್ದೆ ಬರೀ ಅಂಬ್ಲಿ ಕಾಸೋಳು, ತನ್ ಲೋಟದ್ದನ್ನೂ ನನ್ ಲೋಟಕ್ಕೆ ಬಗ್ಗಿಸಿ "ನಂಗೆ ಅಸಿವಿಲ್ಲ ಕಣ್ಲಾ" ಅನ್ನೋಳು. ಸುಳ್ಳು! ಬಸುರಿಗೆ ಅಸಿವಾಗ್ದೆ ಇರ್ತದಾ? ಬಾವನೇ ಅವ್ರಿವ್ರ ಕೈಕಾಲು ಇಡ್ದು ಫ್ಯಾಕ್ಟ್ರೀಲಿ ನಂಗೆ ಟೆಂಪರ್ವರಿ ಕೆಲ್ಸ ಕೊಡ್ಸಿದ್ದು. ಅವ್ನು ಕ್ರೇನ್ ಕೆಳಗೆ ನಿಂತು ಸರಪಳಿ ಬಿಗಿಯೋನು. ನಾನು ಗ್ಯಾಸ್ ಕಟಿಂಗು, ಬೆಂಕೀಲಿ ಕಬ್ಣ ಕುಯ್ಯೋದು. ಕ್ರೇನ್ ಕೊಕ್ಕೆಗೆ ಒಂದು ಕಬ್ಣದ ತೊಲೆ ನೇತಾಕಿ, ಆ ತೊಲೆಗೆ ಸರಪಳಿ ಕಟ್ಟಿ ಭಾರ ಎತ್ತೋದು. ಸರಪಳಿ ತೂರ್ಸಾಕೆ ಆ ತೊಲೇಲಿ ಒಂದು ಕಂಡಿ ಕುಯ್ಯಿ ಅಂದ್ರು. ಕುಯ್ದೆ. ಚೌಕಕ್ಕೆ, ಮೂಲೆ ನಾಲ್ಕೂ ಚೂಪಗೆ! ನೋಡ್ದೋರೆಲ್ಲ ಭೇಷ್ ಅಂದ್ರು. ನಂಗೂ ಕೊಬ್ಬು ಬಂದ್ಬುಡ್ತು.

ನಮ್ ಶಾಪ್ನಾಗೆ ಶುಕ್ರವಾರ ಬಂತು ಅಂದ್ರೆ ಪೂಜೆ. ಮಿಷನ್ನೆಲ್ಲ ಸೀಮೆಎಣ್ಣೇಲಿ ಒರೆಸಿ, ಇಬೂತಿ ಮೂರು ಪಟ್ಟೆ ಬಳ್ದು, ಕುಂಕುಮ ಇಟ್ಟು ಕೆಲ್ಸ ಶುರು ಮಾಡೋದು. ತೊಲೆ ಪೂಜೆ ನಂದು. ಒಂದ್ ಶುಕ್ರವಾರ ಮಧ್ಯಾಹ್ನ ನೋಡ್ತೀನಿ, ಕಂಡಿ ಮೂಲೆ ತಾವ ಬೆಳ್ಳಗಿರೋ ಇಬೂತಿ ಮೇಲೆ ಸಣ್ಣಕ್ಕೆ ಒಂದು ಕಪ್ಪು ಗೀಟು. ಥೂ, ಅಂದಗೆಡ್ತಲ್ಲ ಅಂತ ಒರೆಸ್ದೆ, ಮತ್ತೆ ಬಳ್ದೆ. ಮುಂದಿನ ಶುಕ್ರವಾರ ಅದೇ ಜಾಗ್ದಾಗೆ, ಬೆರಳುದ್ದ! ಬಾವನ ಮೇಲೆ ರೇಗಾಡ್ದೆ: "ನಿನ್ ಎಣ್ಣೆ ಕೈ ಇಡ್ತೀಯಲ್ಲೋ ದೇವ್ರ ಮೇಲೆ!" ಅವ್ನು "ನಾನ್ಯಾಕ್ ಮುಟ್ಲಿ, ಓಗಲೇ" ಅಂದ. ಮತ್ತೆ ಒರೆಸ್ದೆ. ಮೂರ್ನೇ ಶುಕ್ರವಾರ ಗೇಣುದ್ದ. ಅದ್ನೂ ಒರೆಸಿ ಟೀಗೆ ಓದೆ. ಬುದ್ಧಿ ಎಲ್ಲಿತ್ತೋ ನಂಗೆ!

ಟೀ ತಾವ ನಮ್ ಶಾಪ್ ನೋಡ್ಕೊಳ್ಳೋ ಅಂತೋಣಿ ಮೇಸ್ತ್ರಿ ಕೂತಿದ್ರು. ತಮಿಳಿನೋರು, ಮುಂಚೆ ಬೊಂಬಾಯಲ್ಲಿ ಇಮಾನ ರಿಪೇರಿ ಮಾಡ್ತಿದ್ದೋರು. "ಡೇಯ್ ತಂಬಿ, ಮೊದ್ಲನೇ ಜೆಟ್ ಇಮಾನ ಬಂತು ನೋಡು, ಮುಂದೆ ಫ್ಯಾನೇ ಇಲ್ಲ ಡಾ! ಮೋಡದ ಮೇಲೆ ಓಗ್ತದೆ, ಒಂಚೂರು ಅದ್ರಲ್ಲ, ಲೋಟದ ಟೀ ಅಲುಗಲ್ಲ. ಬೇರೆ ಇಮಾನ ಓಗೋ ಅರ್ಧ ಟೈಮಲ್ಲಿ ಊರು ಸೇರ್ತದೆ" ಅಂತ ಕಣ್ಣರಳಿಸ್ಕೊಂಡು ಏಳಿದ್ರು. ಆಮೇಲೆ ದನಿ ಇಳ್ಸಿದ್ರು: "ಆ ಇಮಾನ ಆಕಾಶದಲ್ಲೇ ಚೂರು ಚೂರಾಗಿ ಬಿತ್ತು. ಒಂದಲ್ಲ." ಯಾಕೆ ಅಂತ ಯಾರ್ಗೂ ತಿಳೀಲಿಲ್ವಂತೆ. ಕೊನೇಗೆ ಒಂದು ಇಮಾನಾನ ದೊಡ್ಡ ನೀರಿನ ತೊಟ್ಟಿನಾಗೆ ಮುಳುಗ್ಸಿ, ಒಳಕ್ಕೆ ನೀರು ಒತ್ತೋದು, ಬಿಡೋದು, ಒತ್ತೋದು, ಬಿಡೋದು. ಯಾಕಂದ್ರೆ ಅಷ್ಟು ಮೇಲೆ ಉಸಿರಾಡಾಕೆ ಗಾಳಿ ಸಾಲ್ದು ಅಂತ ಒಳಗೆ ಗಾಳಿ ತುಂಬ್ತಾರೆ, ಏರ್ದಾಗ ಪೂರಿ ತರ ಉಬ್ತದೆ, ಇಳ್ದಾಗ ಕುಗ್ತದೆ. ಅಂಗೆ ಒತ್ತಿ ಒತ್ತಿ ಒಂದಿನ ಪರ್ರಂತ ಕಿತ್ಕೊಂಡು ಓತಂತೆ. "ಎಲ್ಲಿ ಶುರುವಾಯ್ತು ಏಳು? ಕಿಟಕಿ ಮೂಲೇಲಿ ಡಾ! ಚೌಕದ ಮೂಲೆ. ಕಣ್ಣಿಗೇ ಕಾಣ್ದಂಗೆ ಕೂದ್ಲೆಳೆ ಬಿರುಕು. ಎಳೆತವೆಲ್ಲ ಚೂಪು ಮೂಲೇಲೇ ಬಂದು ಸೇರ್ತದೆ, ಅದ್ಕೇ ಆಮೇಲೆ ದುಂಡಗೆ ಮಾಡಿದ್ರು" ಅಂತ ಒಂದು ತಗಡಿನ ಚೂರು ಇಡ್ದು ಇತ್ಲಾಗೊಂದ್ಸಲ ಅತ್ಲಾಗೊಂದ್ಸಲ ಬಗ್ಗಿಸಿದ್ರು. ಟಕ್ ಅಂತ ಮುರೀತು.

ಅಯ್ಯೋ ದೇವುಡಾ! ನಾನು ಮೂರು ವಾರ ಒರೆಸಿದ್ದು ಕೊಳೆ ಅಲ್ಲ, ಬಿರುಕು! ಒಳಗೆ ಇಳ್ದಿರೋ ಸೀಮೆಎಣ್ಣೆ ಒರಗೆ ಬಂದು ಇಬೂತಿ ಮೇಲೆ ಗೀಟಾಗ್ತಿತ್ತು! ಲೋಟ ಎಸ್ದು ಓಡ್ದೆ. ಕ್ರೇನ್ ಎತ್ತೈತೆ, ದೊಡ್ಡ ಗೇರ್ ಡಬ್ಬ ನೇತಾಡ್ತೈತೆ, ಕೆಳಗೆ ನಮ್ ಬಾವ, ಬೀಡಿ ಕಚ್ಕೊಂಡು! "ಬಾವಾ, ಈಚೆ ಬಾರೋ!" ಅಂತ ಅರಚ್ಕೊಂಡೆ. ಅವ್ನು "ಏನ್ಲಾ ನಿನ್ ಗೋಳು" ಅಂತ ಬೈಕೊಂಡು ನನ್ ಕಡೆ ನಾಕೆಜ್ಜೆ ಇಟ್ಟ. ನಾಕೇ ಎಜ್ಜೆ. ಇಂದೆ ಧಡ್ ಅಂತ ಸದ್ದು, ಧೂಳು! ತೊಲೆ ಎರಡು ತುಂಡು, ಡಬ್ಬ ಅವ್ನು ನಿಂತಿದ್ ಜಾಗ್ದಾಗೆ ನೆಲಕ್ಕೆ ಇಳ್ದೋಗಿತ್ತು. ಬಾವ ತಿರುಗಿ ನೋಡ್ದ, ಅಲ್ಲೇ ಕುಕ್ಕರಿಸ್ದ. ನಾನು ಅವನ್ನ ತಬ್ಕೊಂಡು ಗೊಳೋ ಅಂತ ಅತ್ತೆ.

ಮೇಸ್ತ್ರಿ ಕಾಲು ಇಡ್ಕೊಂಡು ಎಲ್ಲಾ ಒಪ್ಕೊಂಡೆ. ಕೆಲ್ಸ ಓಯ್ತು ಅನ್ಕೊಂಡೆ. ಅವ್ರು ಮುರ್ದಿರೋ ಮೂಲೆ ಮೇಲೆ ಬೆರಳಾಡ್ಸಿ, "ಚೌಕ ಕುಯ್ದೋರು ದೊಡ್ಡ ದೊಡ್ಡ ಇಂಜಿನಿಯರ್ಗಳೇ ಅವ್ರೆ. ನೀನು ಮೂರು ಸಲ ನೋಡ್ದೆ, ನನ್ನ ಒಂದು ಸಲ ಕರೀಲಿಲ್ವಲ್ಲ ಡಾ" ಅಂದ್ರು. ಎರಡೇಟು ಒಡ್ದಿದ್ರೇ ವಾಸಿ ಇತ್ತು.

ಮನೇಲಿ ಅಕ್ಕಂಗೆ ನಾವಿಬ್ರೂ ಬಾಯೇ ಬಿಡ್ಲಿಲ್ಲ. ಅವತ್ತೂ ತನ್ ಲೋಟದ ಅಂಬ್ಲಿ ನಂಗೆ ಬಗ್ಗಿಸಕ್ ಬಂದ್ಲು. ಬ್ಯಾಡ ಅಂತ ಲೋಟಾನ ಅವ್ಳ ಕಡೀಕೇ ತಳ್ದೆ.

ಅದ್ಕೇ ಏಳೋದು, ಕೊಳೆ ಕಂಡ್ರೆ ಒಂದ್ಸಲ ಒರೆಸಿ. ಅದೇ ಜಾಗ್ದಾಗೆ ಎರಡ್ನೇ ಸಲ ಬಂತಾ, ಬಟ್ಟೆ ಕೆಳಗಿಟ್ಟು ಯಾರ್ನಾದ್ರೂ ಕರೀರಿ. ನಾಚ್ಕೋಬೇಡಿ. ಎದ್ದೇಳ್ರಿ, ಮುದ್ದೆ ಆರೋಗ್ತೈತೆ.