ಮುಂದಿನ ಹಲ್ಲಿಲ್ಲದ ಅಳಿಯ

ಎಲೆ ಉದುರುವ ಕಾಲ. ಲಂಡನ್ನಿನ ವೆಂಬ್ಲಿಯ ಬಸ್‌ಸ್ಟಾಪಿನ ಮುಂದೆ ಒಬ್ಬ ಒದ್ದೆ ಎಲೆಗಳನ್ನು ಗುಡಿಸುತ್ತಿದ್ದ. ನನ್ನ ಪಕ್ಕದಲ್ಲಿ ಮೊಮ್ಮಗಳು ಫೋನಿನಲ್ಲಿ ಹುಡುಗನೊಬ್ಬನ ಫೋಟೊವನ್ನು ಅಜ್ಜಿಗೆ ತೋರಿಸುತ್ತಿದ್ದಳು.

“ಇಷ್ಟು ಸಣ್ಣ ವಯಸ್ಸಿಗೆ ಮುಂದಿನ ಹಲ್ಲು ಎಲ್ಲಿ ಹೋದವು, ಸ್ಮೃತಿ? ವಯಸ್ಸು ಮುಚ್ಚಿಟ್ಟಾನೇನು?”

“ಇಲ್ಲಜ್ಜಿ, ಐಸ್ ಹಾಕಿ ಆಟದೊಳಗ ಮುರದಾವು. ರಷ್ಯಾದಾಗ ದೊಡ್ಡ ಟೀಮಿಗೆ ಆಡ್ಯಾನ. ನಾಳೆ ಹೆಣ್ಣು ಕೇಳಾಕ ಬರತಾನ. ನೀ ಹೂಂ ಅಂದ್ರ ಅಪ್ಪನೂ ಹೂಂ ಅಂತಾನ.”

“ಗೋಲು ಭಾಳ ಹೊಡದಾನೇನು?”

“ಇಲ್ಲ. ಅವನು ಡಿಫೆನ್ಸ್. ಗೋಲು ಹೊಡಿಯಾಕ ಬಂದವರನ್ನ ತಡಿಯೂದು ಅವನ ಕೆಲಸ.”

“ಮಾರಿಗೆ ಬಡೀತದ ಅಂತ ಗೊತ್ತಿದ್ದೂ ನಿಂತನ?”

“ಪ್ರತಿಸಲ ನಿಂತ.”

“ಚಪ್ಪಾಳಿ?”

“ಗೋಲು ಹೊಡದವರಿಗೆ.”

“ಹೊಲ ಕಾದವಗ ತೆನಿ ಇಲ್ಲ! ಇದೆಂಥಾ ಆಟನೋ, ನನಗ ತಿಳೀವಲ್ದು.”

ಬಸ್ಸು ಬಂತು. ಹತ್ತುವಾಗ ಅಜ್ಜಿ ತಿರುಗಿದಳು.

“ನಾಳೆ ಚಕ್ಕುಲಿ ಬ್ಯಾಡ, ಗಟ್ಟಿ ಆಗತಾವು. ಹೋಳಿಗಿ ಮಾಡೋಣು.”