ಮಲ್ಲಿಗೆಗೆ ಹಿಡಿದಿಟ್ಟ ಮಳೆನೀರು

ಅಲ್ಕಾಪುರಿಯ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದಾಗ ಸುತ್ತಲಿನ ಗುಜರಾತಿ ಮಾತುಗಳ ನಡುವೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ನಡುವಯಸ್ಸಿನ ಗಂಡ ಹೆಂಡತಿ. ಆಕೆಯ ಕೆನ್ನೆ ಊದಿತ್ತು. ಮಾತಿಗೇನೂ ಅದು ಅಡ್ಡಬಂದಿರಲಿಲ್ಲ.

"ಡ್ರಮ್ಮಲ್ಲಿದ್ದ ಮಳೆನೀರು ಅರ್ಧಕ್ಕಿಳಿದಿದೆಯಲ್ರೀ, ಎಲ್ಲಿ ಹೋಯ್ತು?"

"ಬೆಳಿಗ್ಗೆ ಕಾರು ತೊಳೆದೆ ಇಂದೂ. ಬೋರ್‌ವೆಲ್ ನೀರಲ್ಲಿ ತೊಳೆದ್ರೆ ಗಾಜಿನ ಮೇಲೆಲ್ಲ ಬಿಳೀ ಕಲೆ."

"ಆ ಉಪ್ಪುನೀರು ಹಾಕಿಯೇ ನನ್ನ ಮಲ್ಲಿಗೆ ಎಲೆ ಸುಟ್ಟಿದ್ದು. ನಂಜನಗೂಡಿಂದ ರೈಲಲ್ಲಿ ತೊಡೆ ಮೇಲಿಟ್ಕೊಂಡು ತಂದ ಗಿಡ. ಅದಕ್ಕೇಂತ ಹಿಡಿದ ನೀರಲ್ಲಿ ನಿಮ್ಮ ಕಾರಿಗೆ ಸ್ನಾನ!"

"ಇನ್ನೊಂದು ಮಳೆ ಬರುತ್ತೆ ಬಿಡು."

"ನವರಾತ್ರಿ ಬಂತು, ಇನ್ನೆಲ್ಲಿ ಮಳೆ? ಬಯಲಲ್ಲಿ ಗರ್ಬಾ ಕುಣಿಯೋರೆಲ್ಲ ಬರಬೇಡಪ್ಪಾ ಅಂತ ಬೇಡ್ಕೋತಿದಾರೆ."

ಕಿಟಕಿ ಕತ್ತಲಾಯಿತು. ಒಂದೇ ಗುಡುಗಿಗೆ ಮಳೆ ಸುರಿಯತೊಡಗಿತು. ಹೀಗೆ ಹೆಸರೆತ್ತಿದ ಕೂಡಲೇ ಬರುವ ಮಳೆಯನ್ನು ನಾನು ಅಜ್ಜಿಯ ಕಥೆಗಳಲ್ಲಿ ಮಾತ್ರ ಕೇಳಿದ್ದೆ.

"ನೋಡ್ದ್ಯಾ, ನಾನು ಹೇಳ್ಲಿಲ್ವಾ?" ಯಜಮಾನರು ಬೀಗಿದರು.

"ತಾರಸಿಯ ಪೈಪು ಡ್ರಮ್ಮೊಳಗೇ ಇದೆ ತಾನೇ?"

ಯಜಮಾನರು ಕಿಟಕಿಯತ್ತ ತಿರುಗಿದರು.

"ರೀ?"

"ಪೈಪಿನ ಜಾಲರಿಗೆ ಪಾರಿವಾಳದ ಪುಕ್ಕ ಸಿಕ್ಕಿಕೊಂಡಿತ್ತು. ಪೈಪು ತೆಗೆದು ತೊಳೆದೆ."

"ತಿರುಗಿ ಜೋಡಿಸಿದ್ರಾ?"

"ಅಷ್ಟರಲ್ಲಿ ಕಾರು ತೊಳೆಯೋಕೆ ಹೋದೆ..."

ಒಳಗಿನಿಂದ "ಇಂದುಮತಿಬೆನ್!" ಎಂದು ಕರೆದರು.

"ಹಲ್ಲು ನಾಳೆ ಕೀಳಿಸ್ಕೋತೀನಿ. ಏಳ್ರೀ, ವರ್ಷದ ಕೊನೇ ಮಳೆ ಮೋರಿಗೆ ಹೋಗ್ತಿದೆ!" ಆಕೆ ಕೆನ್ನೆ ಹಿಡಿದುಕೊಂಡೇ ಮೆಟ್ಟಿಲಿಳಿದರು.

"ಇರು ಇಂದೂ, ನೆನೀತೀಯ! ಕಾರು ಬಾಗಿಲಿಗೇ ತರ್ತೀನಿ."

"ತನ್ನಿ, ತನ್ನಿ," ಕೆಳಗಿನಿಂದ ದನಿ ಕೇಳಿಸಿತು. "ಅದಕ್ಕೆ ಇವತ್ತು ಎರಡೆರಡು ಸ್ನಾನ!"